ಗೋಡೆಬರಹದ ಆರೋಪ ಬಂದರೆ: ಠಾಣೆಯ ಫೋನ್ ಕರೆಯಿಂದ ಕೋರ್ಟಿನ ಆದೇಶದವರೆಗೆ

2022ರ ಮೇ ತಿಂಗಳಲ್ಲಿ ಬೆಂಗಳೂರಿನ ಸುಂಕದಕಟ್ಟೆಯ ಒಂದು ಖಾಸಗಿ ಶಾಲೆಯ ಸುತ್ತಮುತ್ತ ಬೆಳಗ್ಗೆ ಎದ್ದವರಿಗೆ ಕಂಡದ್ದು ಒಂದೇ ಪದ: ‘ಸಾರಿ’. ಗೋಡೆ, ಮೆಟ್ಟಿಲು, ರಸ್ತೆ ಎಲ್ಲೆಲ್ಲೂ ಕೆಂಪು ಬಣ್ಣ. ಬೈಕಿನಲ್ಲಿ ಬಂದ ಇಬ್ಬರು ಸಿಸಿಟಿವಿಯಲ್ಲಿ ಕಾಣಿಸಿಕೊಂಡರು. ಪ್ರೇಮಿಯ ಕ್ಷಮಾಪಣೆ ಇರಬೇಕೆಂದು ಊರು ನಕ್ಕಿತು, ಪೊಲೀಸರು ಹುಡುಕಾಟಕ್ಕಿಳಿದರು.

ಇಂಥದ್ದರಲ್ಲಿ ಸಿಕ್ಕಿಬಿದ್ದವರ ಮನೆಯಲ್ಲಿ ಎರಡು ಬಗೆಯ ಮಾತು ಕೇಳುತ್ತವೆ. ‘ಬಣ್ಣ ತಾನೇ, ಐನೂರು ರೂಪಾಯಿ ಫೈನ್ ಕಟ್ಟಿದರಾಯಿತು’ ಎಂಬುದು ಒಂದು. ‘ಹುಡುಗನ ಜೀವನವೇ ಹಾಳಾಯಿತು’ ಎಂಬುದು ಇನ್ನೊಂದು. ಎರಡೂ ಅರ್ಧ ಸತ್ಯ. ಗೋಡೆಯ ಮೇಲೆ ಬರೆಯುವುದಕ್ಕೆಂದೇ ದೇಶಕ್ಕೆಲ್ಲ ಒಂದು ಕಾನೂನಿಲ್ಲ. ಅದೇ ಡಬ್ಬಿ, ಅದೇ ಬಣ್ಣ, ಅದೇ ಕೈ. ಆದರೆ ಗೋಡೆ ಯಾರದು, ಬರೆದದ್ದೇನು ಎಂಬುದರ ಮೇಲೆ ಕೇಸು ಸಣ್ಣ ದಂಡದಲ್ಲೂ ಮುಗಿಯಬಹುದು, ಐದು ವರ್ಷದ ಸೆರೆಯ ಕಲಮಿಗೂ ಹೋಗಬಹುದು. ಬರೆದವರಿಗೂ, ಬರೆಯದೆಯೇ ಹೆಸರು ಸಿಕ್ಕಿಹಾಕಿಕೊಂಡವರಿಗೂ ಮುಂದಿನ ಹೆಜ್ಜೆಗಳು ಹೆಚ್ಚುಕಡಿಮೆ ಒಂದೇ.

ಹೆಜ್ಜೆ 1: ಗೋಡೆ ಯಾರದು ಎಂದು ಮೊದಲು ತಿಳಿದುಕೊಳ್ಳಿ

ಪಕ್ಕದ ಮನೆಯ ಕಾಂಪೌಂಡೋ, ಅಂಗಡಿಯ ಶಟರೋ ಆಗಿದ್ದರೆ ಸಾಮಾನ್ಯವಾಗಿ ಬರುವುದು ಭಾರತೀಯ ನ್ಯಾಯ ಸಂಹಿತೆಯ 324ನೇ ಕಲಂ. ವಕೀಲರ ಬಾಯಲ್ಲಿ ಇದು ‘ಮಿಸ್ಚೀಫ್’. ಬೇರೆಯವರ ಆಸ್ತಿಗೆ ನಷ್ಟವಾಗಲಿ ಎಂಬ ಉದ್ದೇಶದಿಂದ, ಅಥವಾ ಆಗುತ್ತದೆಂದು ಗೊತ್ತಿದ್ದೂ, ಅದರ ಬೆಲೆಯೋ ಉಪಯೋಗವೋ ಕುಂದುವಂತೆ ಮಾಡುವುದು ಈ ಅಪರಾಧ. ಸಾಧಾರಣ ಪ್ರಕರಣಕ್ಕೆ ಆರು ತಿಂಗಳವರೆಗೆ ಸೆರೆ, ಅಥವಾ ದಂಡ, ಅಥವಾ ಎರಡೂ. ಸರ್ಕಾರದ್ದೋ ಸ್ಥಳೀಯ ಸಂಸ್ಥೆಯದ್ದೋ ಆಸ್ತಿಯಾದರೆ ಒಂದು ವರ್ಷದವರೆಗೆ. ನಷ್ಟ 20,000 ರೂಪಾಯಿ ಮುಟ್ಟಿದರೆ ಎರಡು ವರ್ಷ, ಒಂದು ಲಕ್ಷ ಮುಟ್ಟಿದರೆ ಐದು ವರ್ಷ. ಈ ಮೊತ್ತಗಳನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತವೆ. 2024ರ ಜುಲೈ 1ಕ್ಕಿಂತ ಹಿಂದಿನ ಘಟನೆಯಾದರೆ ಹಳೆಯ ದಂಡ ಸಂಹಿತೆಯೇ ಅನ್ವಯ. ಅಲ್ಲಿ 50 ರೂಪಾಯಿ ನಷ್ಟವಾದರೂ 427ನೇ ಕಲಮಿನಡಿ ಎರಡು ವರ್ಷದವರೆಗೆ ಶಿಕ್ಷೆಗೆ ಅವಕಾಶವಿತ್ತು. 1860ರ ರೂಪಾಯಿ ಲೆಕ್ಕ 2024ರವರೆಗೂ ಹಾಗೇ ಉಳಿದುಬಂದಿತ್ತು!

ಕರ್ನಾಟಕದಲ್ಲಿ ಇದರ ಜೊತೆಗೆ 1981ರ ಕರ್ನಾಟಕ ತೆರೆದ ಸ್ಥಳಗಳ (ವಿರೂಪ ತಡೆ) ಕಾಯ್ದೆಯಿದೆ. ಸಾರ್ವಜನಿಕರ ಕಣ್ಣಿಗೆ ಬೀಳುವ ಜಾಗದಲ್ಲಿ ಸ್ಥಳೀಯ ಸಂಸ್ಥೆಯ ಲಿಖಿತ ಅನುಮತಿಯಿಲ್ಲದೆ ಜಾಹೀರಾತು ಅಂಟಿಸುವುದು, ಬರೆಯುವುದು ಇದರಡಿ ಅಪರಾಧ: ಆರು ತಿಂಗಳವರೆಗೆ ಸೆರೆ, ಅಥವಾ 1,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ‘ಜಾಹೀರಾತು’ ಎಂದರೆ ಸೋಪು, ಸೀರೆ ಮಾತ್ರವಲ್ಲ. ಪದ, ಚಿಹ್ನೆ, ಚಿತ್ರ ಇರುವ ಯಾವುದನ್ನೂ ಒಳಗೊಳ್ಳುವಷ್ಟು ಅಗಲವಾಗಿದೆ ವ್ಯಾಖ್ಯೆ. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಗೋಡೆಗಳ ಮೇಲೆ ಆಗಿನ ಮುಖ್ಯಮಂತ್ರಿಯನ್ನು ಅಣಕಿಸುವ ‘ಪೇಸಿಎಂ’ ಪೋಸ್ಟರ್ ಕಾಣಿಸಿಕೊಂಡಾಗ ಪೊಲೀಸರು ಕೈಗೆತ್ತಿಕೊಂಡದ್ದು ಇದೇ ಕಾಯ್ದೆಯನ್ನು. ಮ್ಯೂರಲ್ ಬರೆಯುವ ಹುಡುಗರು ಗಮನಿಸಬೇಕಾದ ಮಾತೊಂದಿದೆ. ಮನೆ ಮಾಲೀಕರು ‘ಬರೀರಪ್ಪಾ’ ಅಂದರೆ ಮಿಸ್ಚೀಫ್ ಆರೋಪ ಬಿದ್ದುಹೋಗಬಹುದು, ಆದರೆ ಈ ಕಾಯ್ದೆ ಕೇಳುವುದು ಪಾಲಿಕೆಯ ಅನುಮತಿಯನ್ನು.

ಸರ್ಕಾರಿ ಕಟ್ಟಡ, ಮೇಲ್ಸೇತುವೆ, ಬಸ್ಸು ಎಂದರೆ ಭಾರ ಹೆಚ್ಚುತ್ತದೆ. 1984ರ ಸಾರ್ವಜನಿಕ ಆಸ್ತಿ ಹಾನಿ ತಡೆ ಕಾಯ್ದೆಯ 3ನೇ ಕಲಮಿನಲ್ಲಿ ಐದು ವರ್ಷದವರೆಗೆ ಸೆರೆ ಮತ್ತು ದಂಡವಿದೆ. ಇದು ಜಾಮೀನುರಹಿತ, ಸರ್ಕಾರಿ ವಕೀಲರ ಮಾತು ಕೇಳದೆ ಕೋರ್ಟು ಜಾಮೀನು ಕೊಡುವಂತಿಲ್ಲ. ಗಲಭೆಯಲ್ಲಿ ಬಸ್ಸಿಗೆ ಕಲ್ಲು ಹೊಡೆಯುವವರನ್ನು ಕಣ್ಣಮುಂದೆ ಇಟ್ಟುಕೊಂಡು ಮಾಡಿದ ಕಾನೂನು ಇದು. ಸ್ಪ್ರೇ ಡಬ್ಬಿಗೂ ಇದನ್ನೇ ಹಚ್ಚುವುದು ಅತಿಯೆಂದು ನನ್ನ ಅನಿಸಿಕೆ. ಆದರೆ ಎಫ್‌ಐಆರ್ ಬರೆಯುವವರು ನನ್ನ ಅನಿಸಿಕೆ ಕೇಳುವುದಿಲ್ಲ.

ಮೆಟ್ರೊ, ರೈಲುಗಳಿಗೆ ತಮ್ಮದೇ ಕಾಯ್ದೆಗಳಿವೆ. ಜೊತೆಗೆ ಡಿಪೋ ಒಳಗೆ ನುಗ್ಗಿದ್ದಕ್ಕೆ ಅತಿಕ್ರಮ ಪ್ರವೇಶದ ಕಲಮೂ ಸೇರುತ್ತದೆ. 2022ರಲ್ಲಿ ಅಹಮದಾಬಾದಿನ ಮೆಟ್ರೊ ಬೋಗಿಗೆ ಬಣ್ಣ ಹೊಡೆದ ನಾಲ್ವರು ಇಟಲಿಯವರು ಬಂಧನಕ್ಕೊಳಗಾದದ್ದು ಹೀಗೆಯೇ.

ಇನ್ನು ಹಂಪಿ, ಬಾದಾಮಿ, ಬೇಲೂರು. ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿರುವ ಸ್ಮಾರಕದ ಮೇಲೆ ಹೃದಯ ಕೆತ್ತಿ, ಒಳಗೆ ಎರಡು ಅಕ್ಷರ ಬರೆದರೂ ಅದು 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಯ 30ನೇ ಕಲಮಿಗೆ ಬೀಳುತ್ತದೆ. 2010ರ ತಿದ್ದುಪಡಿಯ ನಂತರ ಶಿಕ್ಷೆ ಎರಡು ವರ್ಷದವರೆಗೆ ಸೆರೆ, ಅಥವಾ ಒಂದು ಲಕ್ಷದವರೆಗೆ ದಂಡ, ಅಥವಾ ಎರಡೂ. 2019ರ ಫೆಬ್ರವರಿಯಲ್ಲಿ ಹಂಪಿಯ ಕಂಬವೊಂದನ್ನು ಉರುಳಿಸಿದ ನಾಲ್ವರು ಯುವಕರ ಪ್ರಕರಣ ನೆನಪಿರಬಹುದು. ಅದು ಬರಹವಲ್ಲ ನಿಜ, ಆದರೆ ಸ್ಮಾರಕದ ವಿಷಯದಲ್ಲಿ ಕೋರ್ಟು ಹೇಗೆ ನಡೆದುಕೊಳ್ಳುತ್ತದೆ ಎಂಬುದಕ್ಕೆ ಒಳ್ಳೆಯ ಉದಾಹರಣೆ. ತಲಾ 70,000 ರೂಪಾಯಿ ದಂಡ ತೆತ್ತರು. ಬೀಳಿಸಿದ ಕಂಬವನ್ನು ಅವರ ಕೈಯಿಂದಲೇ ನಿಲ್ಲಿಸಲಾಯಿತು. ಅವರು ಸಿಕ್ಕಿಬಿದ್ದದ್ದು ಹರಿದಾಡಿದ ವಿಡಿಯೊದಿಂದ.

ಹೆಜ್ಜೆ 2: ಬರೆದದ್ದೇನು ಎಂಬುದನ್ನು ಬಣ್ಣದಿಂದ ಬೇರೆ ಮಾಡಿ ನೋಡಿ

ಹೆಸರು, ಹೂವು, ‘ಬ್ಯಾಚ್ 2025’ ಇದ್ದರೆ ಕೇಸು ಗೋಡೆಯದ್ದು ಮಾತ್ರ. ಧರ್ಮ, ಜಾತಿಗಳ ನಡುವೆ ದ್ವೇಷ ಹುಟ್ಟಿಸುವ ಬರಹವಾದರೆ ನ್ಯಾಯ ಸಂಹಿತೆಯ 196ನೇ ಕಲಂ, ಧಾರ್ಮಿಕ ಭಾವನೆ ಕೆಣಕುವ ದುರುದ್ದೇಶವಿದ್ದರೆ 299. ಎರಡಕ್ಕೂ ಮೂರು ವರ್ಷದವರೆಗೆ ಸೆರೆಯುಂಟು. ಪೂಜಾಸ್ಥಳದ ಗೋಡೆಯೇ ಆದರೆ 298 ಕೂಡ ಬರಬಹುದು. ಒಬ್ಬ ಹುಡುಗಿಯ ಹೆಸರು, ಫೋನ್ ನಂಬರ್ ಬರೆದು ಅಸಹ್ಯ ಗೀಚಿದರೆ ಅದು ಮಹಿಳೆಯ ಘನತೆಗೆ ಧಕ್ಕೆ ತಂದ ಪ್ರಕರಣ. ಅಲ್ಲಿ ‘ತಮಾಷೆಗೆ ಬರೆದೆ’ ಎಂಬ ಮಾತಿಗೆ ಯಾರೂ ಕಿವಿಗೊಡುವುದಿಲ್ಲ, ಕೊಡಲೂಬಾರದು.

2020ರ ನವೆಂಬರಿನಲ್ಲಿ ಮಂಗಳೂರಿನ ಎರಡು ಕಡೆ ಉಗ್ರ ಸಂಘಟನೆಗಳ ಪರ ಬರಹ ಕಾಣಿಸಿಕೊಂಡಿತು. ಗೋಡೆಗಾದ ನಷ್ಟ ಎಷ್ಟೆಂದು ಯಾರೂ ಲೆಕ್ಕ ಹಾಕುತ್ತ ಕೂರಲಿಲ್ಲ. ಪ್ರಕರಣಕ್ಕೆ ಭಯೋತ್ಪಾದನೆ ತಡೆಯ ಕಠಿಣ ಕಾಯ್ದೆಯಾದ ಯುಎಪಿಎ ಸೇರಿತು. ಬರಹದಲ್ಲಿ ಇಂಥ ಅಂಶ ಇದೆಯೆಂಬ ಆರೋಪವಿದ್ದರೆ ಕೆಳಗಿನದ್ದನ್ನು ಓದುತ್ತ ಕೂರದೆ ಇವತ್ತೇ ಕ್ರಿಮಿನಲ್ ವಕೀಲರೊಬ್ಬರ ಬಾಗಿಲು ತಟ್ಟಿ.

ಹೆಜ್ಜೆ 3: ಠಾಣೆಯಿಂದ ಫೋನ್ ಬಂದಾಗ

‘ಸ್ವಲ್ಪ ಬಂದು ಹೋಗಪ್ಪಾ, ಮಾತಾಡೋದಿದೆ’ ಎಂಬ ಕರೆ ಬರುತ್ತದೆ. ಹೋಗದೆ ಫೋನ್ ಸ್ವಿಚ್ ಆಫ್ ಮಾಡುವುದು ಕೆಟ್ಟ ಉಪಾಯ. ಒಬ್ಬರೇ ಓಡುವುದೂ ಅಷ್ಟೇ ಕೆಟ್ಟದ್ದು. ಕರೆ ಮಾಡಿದವರ ಹೆಸರು, ಠಾಣೆ, ಅಪರಾಧ ಸಂಖ್ಯೆ ಇದೆಯೇ ಎಂದು ಕೇಳಿ ಬರೆದಿಟ್ಟುಕೊಳ್ಳಿ. ಲಿಖಿತ ನೋಟಿಸ್ ಕೊಡಿ ಸಾರ್ ಎಂದು ಮರ್ಯಾದೆಯಿಂದಲೇ ಕೇಳಿ.

ಏಳು ವರ್ಷದೊಳಗಿನ ಶಿಕ್ಷೆಯ ಅಪರಾಧಗಳಲ್ಲಿ ನೇರವಾಗಿ ಬಂಧಿಸುವುದು ವಾಡಿಕೆಯಾಗಬಾರದು ಎಂದು ಸುಪ್ರೀಂ ಕೋರ್ಟ್ 2014ರ ಅರ್ನೇಶ್ ಕುಮಾರ್ ತೀರ್ಪಿನಲ್ಲಿ ಹೇಳಿದೆ. ಪೊಲೀಸರು, ಕೋರ್ಟುಗಳು ಪ್ರಕರಣ ನಡೆಸುವ ವಿಧಾನವನ್ನು ಹೇಳುವ ಈಗಿನ ನಾಗರಿಕ ಸುರಕ್ಷಾ ಸಂಹಿತೆಯ 35(3)ನೇ ಕಲಮಿನ ನೋಟಿಸ್ ಇದಕ್ಕಾಗಿಯೇ ಇರುವುದು. ನೋಟಿಸಿನಂತೆ ಹಾಜರಾಗಿ ಸಹಕರಿಸುತ್ತಿರುವವರನ್ನು ಬಂಧಿಸಬೇಕಾದರೆ ಪೊಲೀಸರು ಕಾರಣ ದಾಖಲಿಸಬೇಕು. ನೋಟಿಸ್ ಬಂದೂ ಹೋಗದಿದ್ದರೆ ಆ ಕಾರಣವನ್ನು ನೀವೇ ಕೈಯಾರೆ ಕೊಟ್ಟಂತೆ.

ಬಂಧಿಸಿದರೆ? ಕಾರಣ ಹೇಳಬೇಕು, ಮನೆಯವರಿಗೆ ತಿಳಿಸಬೇಕು, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ವಿಚಾರಣೆಯ ನಡುವೆ ವಕೀಲರನ್ನು ಭೇಟಿಯಾಗುವ ಹಕ್ಕಿದೆ, ಆದರೆ ಅವರು ಪೂರ್ತಿ ಹೊತ್ತು ಪಕ್ಕದಲ್ಲೇ ಕೂರಬೇಕೆಂದಿಲ್ಲ. ಹೆಂಗಸರನ್ನು ವಿಶೇಷ ಸಂದರ್ಭ ಬಿಟ್ಟು ಸೂರ್ಯಾಸ್ತದ ನಂತರ, ಸೂರ್ಯೋದಯಕ್ಕೆ ಮುಂಚೆ ಬಂಧಿಸುವಂತಿಲ್ಲ. ವಕೀಲರಿಗೆ ಕೊಡಲು ದುಡ್ಡಿಲ್ಲದಿದ್ದರೆ 15100ಕ್ಕೆ ಕರೆ ಮಾಡಿ. ಅದು ಕಾನೂನು ಸೇವಾ ಪ್ರಾಧಿಕಾರದ ಉಚಿತ ಸಹಾಯವಾಣಿ. ತಾಲ್ಲೂಕು ಕೋರ್ಟಿನ ಆವರಣದಲ್ಲೇ ಸೇವಾ ಸಮಿತಿಯ ಕಚೇರಿ ಇರುತ್ತದೆ. ಮಹಿಳೆಯರು, ಮಕ್ಕಳು, ಪರಿಶಿಷ್ಟರು, ಬಂಧನದಲ್ಲಿರುವವರು ಇದಕ್ಕೆ ಅರ್ಹರು.

ಹೆಜ್ಜೆ 4: ಮೊದಲ ಎರಡು ದಿನ ಮಾಡಬಾರದ್ದು

ಹೆಚ್ಚಿನ ಪ್ರಕರಣಗಳು ಕೆಡುವುದು ಇಲ್ಲಿ, ಕೋರ್ಟಿನಲ್ಲಲ್ಲ.

ರಾತ್ರೋರಾತ್ರಿ ಸುಣ್ಣದ ಬಕೆಟ್ ಹಿಡಿದು ಗೋಡೆ ಬಳಿಯಲು ಹೋಗಬೇಡಿ. ಒಳ್ಳೆಯ ಮನಸ್ಸಿನಿಂದಲೇ ಹೋದರೂ ಅದು ಸಾಕ್ಷ್ಯನಾಶದಂತೆ ಕಾಣುತ್ತದೆ, ಅದಕ್ಕೆ ನ್ಯಾಯ ಸಂಹಿತೆಯ 238ನೇ ಕಲಮಿನ ಬೇರೆಯೇ ಆರೋಪ ಬರಬಹುದು. ಮಾಲೀಕರ ಅನುಮತಿಯಿಲ್ಲದೆ ಹೋದರೆ ಎರಡನೇ ಸಲ ಅವರ ಗೋಡೆ ಮುಟ್ಟಿದಂತೆಯೂ ಆಯಿತು. ಸ್ವಚ್ಛ ಮಾಡುವ ಮನಸ್ಸಿದ್ದರೆ ಪೊಲೀಸರ ಸ್ಥಳ ಪರಿಶೀಲನೆ, ಅಂದರೆ ಮಹಜರು, ಮುಗಿಯಲಿ, ಮಾಲೀಕರಿಂದ ಬರಹದಲ್ಲಿ ಒಪ್ಪಿಗೆ ಪಡೆಯಿರಿ, ಬಣ್ಣದ ಬಿಲ್ಲು ಇಟ್ಟುಕೊಳ್ಳಿ, ಮೊದಲಿನ ಮತ್ತು ನಂತರದ ಫೋಟೊ ತೆಗೆದಿಡಿ.

ಇನ್‌ಸ್ಟಾಗ್ರಾಂ ಪೋಸ್ಟ್ ಅಳಿಸುವುದೂ ಇದೇ ಜಾತಿಯದು. ಅಳಿಸಿದ್ದು ಸ್ನೇಹಿತನ ಸ್ಕ್ರೀನ್‌ಶಾಟಿನಲ್ಲಿ ಉಳಿದಿರುತ್ತದೆ, ಅಳಿಸಿದ ಸಮಯ ಮಾತ್ರ ನಿಮ್ಮ ವಿರುದ್ಧ ನಿಲ್ಲುತ್ತದೆ. ಹೊಸದಾಗಿ ವಿವರಣೆ ಹಾಕುವುದಂತೂ ಬೇಡವೇ ಬೇಡ. ವಾಟ್ಸ್‌ಆ್ಯಪ್ ಗುಂಪಿನಲ್ಲಿ ‘ಯಾರೂ ಬಾಯಿ ಬಿಡಬೇಡ್ರೋ’ ಎಂದು ಬರೆಯುವ ಹುಡುಗ ಪ್ರತಿ ಗುಂಪಿನಲ್ಲೂ ಒಬ್ಬ ಇರುತ್ತಾನೆ. ನಾಳೆ ಫೋನ್ ವಶಕ್ಕೆ ಹೋದಾಗ ಓದಿ ಹೇಳುವುದು ಅದೇ ಸಾಲನ್ನು.

ಮೂರನೆಯದು ಕ್ಷಮಾಪಣೆ ಪತ್ರ. ‘ತಪ್ಪೊಪ್ಪಿಕೊಂಡು ಬರೆದುಕೊಡು, ಬಿಟ್ಟುಬಿಡ್ತೀವಿ’ ಎಂಬ ಮಾತು ಠಾಣೆಯಲ್ಲೋ ಕಾಲೇಜಿನಲ್ಲೋ ಅಪಾರ್ಟ್‌ಮೆಂಟ್ ಸಂಘದಲ್ಲೋ ಬರುತ್ತದೆ. ಪೊಲೀಸರ ಮುಂದೆ ಕೊಟ್ಟ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ರುಜುವಾತು ಮಾಡುವಂತಿಲ್ಲ. ಸಾಕ್ಷ್ಯ ಅಧಿನಿಯಮದ 23ನೇ ಕಲಂ ಇರುವುದೇ ಅದಕ್ಕೆ. ಆದರೆ ಪ್ರಾಂಶುಪಾಲರಿಗೋ ಸಂಘದ ಕಾರ್ಯದರ್ಶಿಗೋ ಬರೆದುಕೊಟ್ಟದ್ದಕ್ಕೆ ಆ ರಕ್ಷಣೆ ಇಲ್ಲ, ಅದು ನೇರವಾಗಿ ಕೋರ್ಟಿಗೆ ಬರಬಲ್ಲದು. ವಿಷಾದ ಹೇಳಬೇಕೆನಿಸಿದರೆ ಮೊದಲು ವಕೀಲರಿಗೆ ಕರಡು ತೋರಿಸಿ. ಪೊಲೀಸರು ದಾಖಲಿಸಿಕೊಳ್ಳುವ ಹೇಳಿಕೆಗೆ ಸಹಿ ಹಾಕಬೇಕಾಗಿಲ್ಲ, ಖಾಲಿ ಹಾಳೆಗಂತೂ ಯಾವತ್ತೂ ಹಾಕಬಾರದು. ನಿಮ್ಮ ಮೇಲೆಯೇ ಆರೋಪ ತರುವ ಪ್ರಶ್ನೆಗೆ ಸುಮ್ಮನಿರಲು ಸಂವಿಧಾನದ 20(3)ನೇ ವಿಧಿ ಅವಕಾಶ ಕೊಡುತ್ತದೆ. ಸುಮ್ಮನಿರಬಹುದು, ಸುಳ್ಳು ಕಥೆ ಕಟ್ಟಬಾರದು.

ಹೆಜ್ಜೆ 5: ಎಫ್‌ಐಆರ್ ಕೈಗೆ ಸಿಕ್ಕ ಮೇಲೆ ಏನು ಓದಬೇಕು

ಸೂಕ್ಷ್ಮವಲ್ಲದ ಪ್ರಕರಣಗಳ ಎಫ್‌ಐಆರ್ ಅನ್ನು 24 ಗಂಟೆಯೊಳಗೆ ಪೊಲೀಸ್ ಜಾಲತಾಣಕ್ಕೆ ಹಾಕಬೇಕೆಂದು ಸುಪ್ರೀಂ ಕೋರ್ಟ್ 2016ರಲ್ಲಿ ಹೇಳಿದೆ. ಪ್ರತಿ ತೆಗೆದುಕೊಂಡು ದೂರುದಾರರ ಹೆಸರಿಗಿಂತ ಮೊದಲು ಕಲಂಗಳ ಸಾಲನ್ನು ನೋಡಿ. ಕೇಸಿನ ಜಾತಕ ಅಲ್ಲಿರುತ್ತದೆ.

ಬರೀ 324ರ ಸಾಧಾರಣ ಭಾಗವಿದ್ದರೆ ಅದು ಅಸಂಜ್ಞೇಯ ಅಪರಾಧ. ಅಂದರೆ ಮ್ಯಾಜಿಸ್ಟ್ರೇಟರ ಆದೇಶವಿಲ್ಲದೆ ಪೊಲೀಸರು ತನಿಖೆ ಮಾಡುವಂತಿಲ್ಲ. ಆ ಅನುಮತಿಯಿಲ್ಲದೆ ಮುಂದುವರಿದ, ಅಥವಾ ವಿವೇಚನೆಯಿಲ್ಲದೆ ‘ಅನುಮತಿ ನೀಡಿದೆ’ ಎಂದಷ್ಟೇ ಬರೆದ ಪ್ರಕರಣಗಳನ್ನು ಕರ್ನಾಟಕ ಹೈಕೋರ್ಟ್ ರದ್ದು ಮಾಡಿದ ಉದಾಹರಣೆಗಳು ಸಾಕಷ್ಟಿವೆ. ಹೀಗಾಗಿ ವಕೀಲರಿಗೆ ಕೇಳಬೇಕಾದ ಮೊದಲ ಪ್ರಶ್ನೆ: ಇಲ್ಲಿ ಸಂಜ್ಞೇಯ ಕಲಂ ಯಾವುದು? ಒಂದಾದರೂ ಇದ್ದರೆ ಇಡೀ ಪ್ರಕರಣವನ್ನು ಸಂಜ್ಞೇಯವೆಂದೇ ಪರಿಗಣಿಸುತ್ತಾರೆ. ಯಾವುದೂ ಇಲ್ಲದಿದ್ದರೆ, ಅನುಮತಿ ಯಾವ ತಾರೀಕಿನದು?

ಎರಡನೆಯದು ನಷ್ಟದ ಮೊತ್ತ. 20,000 ಮತ್ತು ಒಂದು ಲಕ್ಷದ ಗೆರೆಗಳು ನೆನಪಿವೆಯಲ್ಲ? ನಾಲ್ಕಡಿ ಅಗಲದ ಬರಹಕ್ಕೆ ಇಡೀ ಕಾಂಪೌಂಡಿಗೆ ಪುಟ್ಟಿ, ಪ್ರೈಮರ್, ಎರಡು ಕೋಟ್ ಬಣ್ಣ ಎಂದು ಎಸ್ಟಿಮೇಟ್ ಬರೆಸಿದರೆ ಗೆರೆ ಸುಲಭವಾಗಿ ದಾಟುತ್ತದೆ. ಮೊತ್ತ ಯಾರು ನಿರ್ಧರಿಸಿದರು, ಎಷ್ಟು ಚದರಡಿಗೆ, ಯಾವ ದರದಲ್ಲಿ ಎಂದು ಕೇಳಿ. ಪೇಂಟಿಂಗ್ ಕಂಟ್ರಾಕ್ಟರ್ ಒಬ್ಬರಿಂದ ನಿಮ್ಮದೇ ಕೊಟೇಶನ್ ತರಿಸಿಡಿ. ಬಡ ಕಾಗದ ಅದು, ಆದರೆ ಎರಡು ವರ್ಷದ ಕಲಮನ್ನು ಆರು ತಿಂಗಳಿಗೆ ಇಳಿಸುವ ವಾದ ಶುರುವಾಗುವುದು ಅಲ್ಲಿಂದ.

ಮೂರನೆಯದು ತಾರೀಕು. ಒಂದು ವರ್ಷದವರೆಗಿನ ಶಿಕ್ಷೆಯ ಅಪರಾಧಕ್ಕೆ ಒಂದು ವರ್ಷದೊಳಗೆ, ಮೂರು ವರ್ಷದವರೆಗಿನದಕ್ಕೆ ಮೂರು ವರ್ಷದೊಳಗೆ ದೂರು ದಾಖಲಾಗಿರಬೇಕು. ವಿಳಂಬವನ್ನು ಮನ್ನಿಸುವ ಅಧಿಕಾರ ಕೋರ್ಟಿಗಿದೆ, ಆದರೂ ಹಳೆಯ ಗೋಡೆಯ ಕೇಸಿನಲ್ಲಿ ಇದು ಮುಖ್ಯ.

ಹೆಜ್ಜೆ 6: ಜಾಮೀನು

324ರ ಪ್ರಕರಣಕ್ಕೆ ಜಾಮೀನು ಹಕ್ಕು; ಠಾಣೆಯಲ್ಲೇ ಬಾಂಡ್ ಬರೆದುಕೊಟ್ಟು ಬರಬಹುದು. 1984ರ ಕಾಯ್ದೆಯೋ 196ನೇ ಕಲಮೋ ಸೇರಿದ್ದರೆ ಕೋರ್ಟಿನಿಂದಲೇ ಪಡೆಯಬೇಕು, ಬಂಧನದ ಭಯವಿದ್ದರೆ ನಾಗರಿಕ ಸುರಕ್ಷಾ ಸಂಹಿತೆಯ 482ನೇ ಕಲಮಿನಡಿ ಸೆಷನ್ಸ್ ಕೋರ್ಟಿನಲ್ಲಿ ನಿರೀಕ್ಷಣಾ ಜಾಮೀನು ಕೇಳಬಹುದು. ಶ್ಯೂರಿಟಿ ಕೊಡುವವರ ಪಹಣಿ ಅಥವಾ ತೆರಿಗೆ ರಸೀದಿ, ಆಧಾರ್, ಫೋಟೊ ಮೊದಲೇ ಸಿದ್ಧವಿರಲಿ. ಶುಕ್ರವಾರ ಸಂಜೆ ಪಹಣಿ ಹುಡುಕುತ್ತ ಕೂತರೆ ಹುಡುಗ ಸೋಮವಾರದವರೆಗೆ ಒಳಗೇ.

ಹೆಜ್ಜೆ 7: ಹದಿನೆಂಟು ತುಂಬದವರ ದಾರಿ ಬೇರೆ

ಗೋಡೆಯ ಮೇಲೆ ಗೀಚಿದವರಲ್ಲಿ ಪಿಯುಸಿ ಮಕ್ಕಳೂ ಇರುತ್ತಾರೆ. ಅವರಿಗೆ 2015ರ ಬಾಲನ್ಯಾಯ ಕಾಯ್ದೆ ಅನ್ವಯ. ಲಾಕಪ್ ಇಲ್ಲ, ಕೈಕೋಳವಿಲ್ಲ, 24 ಗಂಟೆಯೊಳಗೆ ಬಾಲನ್ಯಾಯ ಮಂಡಳಿಯ ಮುಂದೆ ಹಾಜರಿ. ಇಂಥ ಸಣ್ಣ ಅಪರಾಧಕ್ಕೆ ಎಫ್‌ಐಆರ್ ಹಾಕದೆ ಠಾಣಾ ದಿನಚರಿಯಲ್ಲಿ ಬರೆದು, ಮಗುವಿನ ಸಾಮಾಜಿಕ ಹಿನ್ನೆಲೆಯ ವರದಿಯೊಂದಿಗೆ ಮಂಡಳಿಗೆ ಕಳಿಸಬೇಕೆಂದು 2016ರ ಮಾದರಿ ನಿಯಮಗಳು ಹೇಳುತ್ತವೆ. ದೊಡ್ಡವರೊಂದಿಗೆ ಸೇರಿ ಮಾಡಿದ್ದರೆ ಮಾತ್ರ ಬೇರೆ. ಮಂಡಳಿ ಬುದ್ಧಿ ಹೇಳಿ ಮನೆಗೆ ಕಳಿಸಬಹುದು, ಆಪ್ತಸಮಾಲೋಚನೆಗೆ ಹಚ್ಚಬಹುದು, ಸಮುದಾಯ ಸೇವೆ ಮಾಡಿಸಬಹುದು, ತಂದೆತಾಯಿಯಿಂದ ದಂಡ ಕಟ್ಟಿಸಬಹುದು. ಮಗುವಿನ ಹೆಸರು, ಶಾಲೆ, ಫೋಟೊ ಪ್ರಕಟಿಸುವುದೇ ಅಪರಾಧ. ಬಡಾವಣೆಯ ವಾಟ್ಸ್‌ಆ್ಯಪ್ ಗುಂಪಿನಲ್ಲಿ ‘ಇವನೇ ನೋಡಿ’ ಎಂದು ಸಿಸಿಟಿವಿ ಚಿತ್ರ ಹಂಚುವ ಅಂಕಲ್‌ಗಳಿಗೆ ಇದು ಗೊತ್ತಿರುವುದಿಲ್ಲ.

ವಯಸ್ಸಿನ ದಾಖಲೆಯಾಗಿ ಶಾಲೆಯ ಅಥವಾ ಎಸ್ಸೆಸ್ಸೆಲ್ಸಿ ಪ್ರಮಾಣಪತ್ರವನ್ನು ಮೊದಲ ದಿನವೇ ಕೈಯಲ್ಲಿಟ್ಟುಕೊಂಡು ಹೋಗಿ.

ಹೆಜ್ಜೆ 8: ಸಾಕ್ಷ್ಯವನ್ನು ತೂಗಿ ನೋಡಿ

ನೋಡಿದವರು ಅಪರೂಪ, ಕ್ಯಾಮೆರಾ ಮಾತ್ರ ಸಾಮಾನ್ಯ. ಆದರೆ ಸಿಸಿಟಿವಿ ತುಣುಕು ಕೋರ್ಟಿನಲ್ಲಿ ನಿಲ್ಲಬೇಕಾದರೆ ಸಾಕ್ಷ್ಯ ಅಧಿನಿಯಮದ 63(4)ರ ಪ್ರಮಾಣಪತ್ರ ಬೇಕು. ದೃಶ್ಯದಲ್ಲಿ ಕಾಣುವುದು ಬೆನ್ನೋ ಮುಖವೋ, ಬೈಕಿನ ನಂಬರು ಓದಲು ಬರುತ್ತದೆಯೋ? ಬೈಕ್ ನಿಮ್ಮದಾದ ಮಾತ್ರಕ್ಕೆ ಸವಾರ ನೀವೇ ಎಂದಾಗುವುದಿಲ್ಲ. ಆ ರಾತ್ರಿ ಬೇರೆಲ್ಲೋ ಇದ್ದರೆ ಬಸ್ ಟಿಕೆಟ್, ಹಾಸ್ಟೆಲ್ ರಿಜಿಸ್ಟರ್, ಯುಪಿಐ ಪಾವತಿಯ ಸಮಯ ಇವನ್ನೆಲ್ಲ ಈಗಲೇ ಒಟ್ಟುಮಾಡಿ. ನಿಮ್ಮ ಪರವಾದ ಕ್ಯಾಮೆರಾ ದೃಶ್ಯವಿದ್ದರೆ ಅಂಗಡಿಯವರಿಗೆ ಅದನ್ನು ಉಳಿಸಿಡುವಂತೆ ಲಿಖಿತವಾಗಿ ಕೇಳಿಕೊಳ್ಳಿ; ಹಳೆಯದರ ಮೇಲೆ ಹೊಸದು ಬರೆದುಕೊಂಡು ಹೋಗುವ ಯಂತ್ರ ಅದು.

ಗೋಡೆಯ ಅಕ್ಷರದೊಂದಿಗೆ ಹೋಲಿಸಲು ಕೈಬರಹದ ಮಾದರಿ ಕೊಡುವಂತೆ ಮ್ಯಾಜಿಸ್ಟ್ರೇಟರು ಆದೇಶಿಸಬಹುದು. ಪೇಪರಿನ ಮೇಲೆ ಪೆನ್ನಿನಿಂದ ಬರೆಯುವ ಕೈಗೂ ಕತ್ತಲಲ್ಲಿ ಸ್ಪ್ರೇ ಹೊಡೆಯುವ ಕೈಗೂ ಹೋಲಿಕೆ ಎಷ್ಟು ಎಂಬುದನ್ನು ಪಾಟಿ ಸವಾಲಿನಲ್ಲಿ ಕೇಳಬೇಕು.

ಸಾಕ್ಷ್ಯ ಸಾಲದಿದ್ದರೆ ಪೊಲೀಸರೇ ಪ್ರಕರಣ ಮುಗಿಸಿ ‘ಬಿ ರಿಪೋರ್ಟ್’ ಹಾಕಬಹುದು. ಚಾರ್ಜ್‌ಶೀಟ್ ಬಂದರೆ ಹಾಜರಾದ 14 ದಿನದೊಳಗೆ ಅದರ ಪ್ರತಿ ನಿಮಗೆ ಸಿಗಬೇಕು.

ಹೆಜ್ಜೆ 9: ಮುಗಿಸುವ ದಾರಿಗಳು

ಗೋಡೆ ಖಾಸಗಿಯವರದಾಗಿದ್ದು ನಷ್ಟ ಅವರೊಬ್ಬರದೇ ಆದರೆ ಸಾಧಾರಣ ಮಿಸ್ಚೀಫ್ ರಾಜಿಯಾಗಬಲ್ಲ ಅಪರಾಧ. ಬಣ್ಣದ ಖರ್ಚು ಕೊಟ್ಟು, ಕೋರ್ಟಿನಲ್ಲೋ ಲೋಕ ಅದಾಲತಿನಲ್ಲೋ ದಾಖಲು ಮಾಡಿ ಮುಗಿಸಬಹುದು. ಇದೇ ಎಲ್ಲಕ್ಕಿಂತ ಚೊಕ್ಕ ದಾರಿ, ಏಕೆಂದರೆ ರಾಜಿಯ ಫಲ ಖುಲಾಸೆ. ಠಾಣೆಯ ಹೊರಗಿನ ಚಹಾದಂಗಡಿಯಲ್ಲಿ ಆದ ರಾಜಿ ರಾಜಿಯಲ್ಲ; ಕೋರ್ಟಿನ ಹಾಳೆಗೆ ಬಂದದ್ದು ಮಾತ್ರ.

ಸರ್ಕಾರಿ ಗೋಡೆಗೆ ಈ ಅನುಕೂಲವಿಲ್ಲ. ‘ಹೊಸ ಕಾನೂನಿನಲ್ಲಿ ಸಮುದಾಯ ಸೇವೆ ಬಂದಿದೆಯಲ್ಲ, ಗೋಡೆ ತೊಳೆದರೆ ಸಾಕಲ್ಲ’ ಎಂದು ಬಹಳ ಜನ ಕೇಳುತ್ತಾರೆ. ಬಂದಿರುವುದು ನಿಜ, ಆದರೆ ಕೆಲವೇ ಅಪರಾಧಗಳಿಗೆ. 324 ಆ ಪಟ್ಟಿಯಲ್ಲಿಲ್ಲ. ಇದೊಂದು ವಿಚಿತ್ರ ಲೋಪ. ಗೋಡೆ ತೊಳೆಯುವ ಶಿಕ್ಷೆ ಎಲ್ಲಿ ಚೆನ್ನಾಗಿ ಹೊಂದುತ್ತಿತ್ತೋ ಅಲ್ಲೇ ಇಲ್ಲ. ಹಾಗೆಂದು ಸ್ವಚ್ಛ ಮಾಡಿದ್ದು ವ್ಯರ್ಥವಲ್ಲ. ದೆಹಲಿ ವಿಶ್ವವಿದ್ಯಾಲಯದ ವಿದ್ಯಾರ್ಥಿ ಸಂಘದ 2024ರ ಚುನಾವಣೆಯಲ್ಲಿ ಗೋಡೆಗಳನ್ನೆಲ್ಲ ಹೊಲಸು ಮಾಡಿದ್ದಕ್ಕೆ ಹೈಕೋರ್ಟ್ ಮತ ಎಣಿಕೆಯನ್ನೇ ತಡೆಹಿಡಿಯಿತು. ಸ್ವಚ್ಛವಾಗುವವರೆಗೆ ಫಲಿತಾಂಶವಿಲ್ಲ ಎಂದಿತು. ಸೆಪ್ಟೆಂಬರಿನ ಮತ ನವೆಂಬರಿನಲ್ಲಿ ಎಣಿಕೆಯಾಯಿತು. ನಷ್ಟ ತುಂಬಿಕೊಟ್ಟದ್ದರ ದಾಖಲೆ ಜಾಮೀನಿಗೂ, ಶಿಕ್ಷೆ ಇಳಿಸಲಿಕ್ಕೂ, ಹೈಕೋರ್ಟಿನಲ್ಲಿ ನಾಗರಿಕ ಸುರಕ್ಷಾ ಸಂಹಿತೆಯ 528ನೇ ಕಲಮಿನಡಿ ಪ್ರಕರಣದ ರದ್ದು ಕೋರಲಿಕ್ಕೂ ನೆರವಾಗುತ್ತದೆ.

ಅಪರಾಧ ಸಾಬೀತಾದರೂ 1958ರ ಅಪರಾಧಿಗಳ ಪರಿವೀಕ್ಷಣಾ ಕಾಯ್ದೆಯಿದೆ. ಮೊದಲ ಸಲದ ತಪ್ಪಾದರೆ ಎಚ್ಚರಿಕೆ ಕೊಟ್ಟೋ ಸನ್ನಡತೆಯ ಬಾಂಡ್ ಬರೆಸಿಕೊಂಡೋ ಬಿಡಬಹುದು. 21 ತುಂಬದವರನ್ನು ಜೈಲಿಗೆ ಕಳಿಸಬೇಕಾದರೆ ಕೋರ್ಟು ಕಾರಣ ಬರೆಯಬೇಕು. ಇದನ್ನು ಕೇಳದಿದ್ದರೆ ಕೊಡುವವರು ಕಡಿಮೆ, ಆದ್ದರಿಂದ ವಕೀಲರಿಗೆ ನೆನಪಿಸಿ. ‘ತಪ್ಪೊಪ್ಪಿಕೊಂಡು ಸಾವಿರ ರೂಪಾಯಿ ಕಟ್ಟಿ ಮುಗಿಸಿಬಿಡು’ ಎಂಬ ಸಲಹೆ ಕೋರ್ಟಿನ ಕಾರಿಡಾರಿನಲ್ಲಿ ಧಾರಾಳವಾಗಿ ಸಿಗುತ್ತದೆ. ಹಾಗೆ ಕಟ್ಟಿದ ಸಾವಿರವೂ ಶಿಕ್ಷೆಯೇ ಎಂಬುದನ್ನು ಸಲಹೆ ಕೊಟ್ಟವರು ಹೇಳುವುದಿಲ್ಲ. ಪರಿವೀಕ್ಷಣೆಯ ಮೇಲೆ ಬಿಡುಗಡೆಯಾದವರಿಗೆ ಆ ಕಾಯ್ದೆಯ 12ನೇ ಕಲಮಿನಡಿ ಶಿಕ್ಷೆಯಿಂದಾಗುವ ಅನರ್ಹತೆ ತಟ್ಟುವುದಿಲ್ಲ, ದಂಡ ಕಟ್ಟಿ ಎದ್ದು ಬಂದವರಿಗೆ ಆ ರಕ್ಷೆ ಇಲ್ಲ.

ಹೆಜ್ಜೆ 10: ಆಮೇಲಿನ ಫಾರಂಗಳು

ಕೋರ್ಟಿನಲ್ಲಿ ಕೇಸು ಬಾಕಿಯಿರುವಾಗ ಪಾಸ್‌ಪೋರ್ಟಿಗೆ ಆ ಕೋರ್ಟಿನ ಅನುಮತಿ ಬೇಕಾಗುತ್ತದೆ. ಅವಧಿ ಹೇಳದೆ ಅನುಮತಿ ಕೊಟ್ಟರೆ ಪಾಸ್‌ಪೋರ್ಟ್ ಒಂದೇ ವರ್ಷಕ್ಕೆ ಬರುತ್ತದೆ, ಹೀಗಾಗಿ ಅರ್ಜಿಯಲ್ಲೇ ಎಷ್ಟು ವರ್ಷಕ್ಕೆ ಎಂದು ಕೇಳಿ. ಕೆಪಿಎಸ್‌ಸಿ, ಪೊಲೀಸ್, ಬ್ಯಾಂಕ್ ನೇಮಕಾತಿಯ ಫಾರಂನಲ್ಲಿ ‘ಕ್ರಿಮಿನಲ್ ಪ್ರಕರಣ ಇದೆಯೇ, ಇತ್ತೇ’ ಎಂಬ ಪ್ರಶ್ನೆಗೆ ನಿಜವನ್ನೇ ಬರೆಯಿರಿ. 2016ರ ಅವತಾರ್ ಸಿಂಗ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದರ ಸಾರ ಇಷ್ಟು: ಚಿಕ್ಕ ವಯಸ್ಸಿನ ಕ್ಷುಲ್ಲಕ ಪ್ರಕರಣವನ್ನು ನೇಮಕ ಮಾಡುವವರು ಮನ್ನಿಸಬಹುದು, ಮುಚ್ಚಿಟ್ಟದ್ದು ಮಾತ್ರ ದುಬಾರಿಯಾಗಬಹುದು. ವಿದೇಶಕ್ಕೆ ಓದಲು ಹೊರಟವರ ವೀಸಾ ಫಾರಂಗೂ ಇದೇ ಮಾತು. ಸಿಂಗಪುರಕ್ಕೆ ಹೋಗುವವರಿಗೆ ಒಂದು ಹೆಚ್ಚಿನ ಮಾತು: ಅಲ್ಲಿನ ಕಾಯ್ದೆಯಲ್ಲಿ ಗೋಡೆಬರಹಕ್ಕೆ ಬೆತ್ತದೇಟೂ ಇದೆ. 1994ರಲ್ಲಿ ಅಮೆರಿಕದ ಹದಿಹರೆಯದ ಹುಡುಗನೊಬ್ಬನಿಗೆ, ಅವನ ದೇಶದ ಅಧ್ಯಕ್ಷರೇ ಬೇಡಿಕೊಂಡರೂ, ಆರು ಏಟು ನಾಲ್ಕಕ್ಕೆ ಇಳಿಯಿತು ಅಷ್ಟೆ.

ಖುಲಾಸೆಯಾಗಲಿ, ರಾಜಿಯಾಗಲಿ, ಪರಿವೀಕ್ಷಣೆಯಾಗಲಿ, ಆದೇಶ ಬಂದ ವಾರದಲ್ಲೇ ದೃಢೀಕೃತ ನಕಲಿಗೆ ಅರ್ಜಿ ಹಾಕಿ ಎರಡು ಪ್ರತಿ ತೆಗೆದುಕೊಳ್ಳಿ. ಒಂದನ್ನು ಠಾಣೆಗೆ ಕೊಟ್ಟು ಸ್ವೀಕೃತಿ ಪಡೆಯಿರಿ, ಅವರ ದಾಖಲೆಯಲ್ಲಿ ಕೇಸು ‘ಬಾಕಿ’ ಎಂದೇ ವರ್ಷಗಟ್ಟಲೆ ಉಳಿದುಬಿಡುವುದುಂಟು. ಇನ್ನೊಂದನ್ನು ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಇಡುವ ಫೈಲಿನಲ್ಲೇ ಇಡಿ.